ಮನಸ್ಸಿನ ಕಾಯಿಲೆಗೂ ಉಂಟು ಸೈನಿಕರ ಪಿಂಚಣಿ: ಅರ್ಜಿ ತಿರಸ್ಕೃತವಾದರೆ ಮೇಲ್ಮನವಿ ಹೇಗೆ?

ಗಡಿಯಲ್ಲಿ ಗುಂಡು ತಗುಲಿ ಕಾಲು ಕಳೆದುಕೊಂಡ ಸೈನಿಕನಿಗೆ ಅಂಗವೈಕಲ್ಯ ಪಿಂಚಣಿ ಬರುತ್ತದೆಂದು ಊರಿನವರಿಗೆಲ್ಲ ಗೊತ್ತು. ಖಿನ್ನತೆ, ಸ್ಕಿಜೋಫ್ರೇನಿಯಾ, ತೀವ್ರ ಆತಂಕ, ಆಘಾತದ ನಂತರ ಕಾಡುವ ಪಿಟಿಎಸ್‌ಡಿ ಇಂಥವುಗಳಿಂದ ಸೇವೆ ಬಿಟ್ಟು ಬಂದವರಿಗೂ ಅದೇ ಪಿಂಚಣಿ ಕೇಳುವ ಹಕ್ಕಿದೆ ಎಂಬುದು ಗೊತ್ತಿರುವವರು ಕಡಿಮೆ. ಕೇಳಿದವರಲ್ಲೂ ಅನೇಕರಿಗೆ ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿನಿಂದ ಒಂದು ಪುಟದ ಉತ್ತರ ಬರುತ್ತದೆ: ನಿಮ್ಮ ಕಾಯಿಲೆ ಸೇನಾ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಆ ಪತ್ರ ಓದಿದ ಮನೆಯವರು ‘ಸರ್ಕಾರವೇ ಇಲ್ಲ ಅಂದಮೇಲೆ ಮುಗಿಯಿತು’ ಎಂದುಕೊಂಡು ಕೈಚೆಲ್ಲುತ್ತಾರೆ.

ಅಲ್ಲಿಗೆ ಮುಗಿಯುವುದಿಲ್ಲ. ನಿಮ್ಮ ಕಾಯಿಲೆ ಸುಳ್ಳೆಂದು ಆ ಪತ್ರ ಹೇಳುತ್ತಿಲ್ಲ. ಕಾಯಿಲೆಗೂ ಸೇವೆಗೂ ನಡುವಿನ ನಂಟು ಕಾಗದದಲ್ಲಿ ಕಾಣಲಿಲ್ಲ ಎಂದಷ್ಟೇ ಹೇಳುತ್ತಿದೆ. ಆ ನಂಟನ್ನು ತಾರೀಕು, ಜಾಗ, ಘಟನೆಗಳ ಸಮೇತ ತೋರಿಸುವುದೇ ಮೇಲ್ಮನವಿಯ ಕೆಲಸ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಹಾಸನ, ಕೊಡಗಿನಂಥ ಜಿಲ್ಲೆಗಳಲ್ಲಿ ಮನೆಮನೆಯಿಂದ ಸೈನ್ಯಕ್ಕೆ ಹೋದವರಿದ್ದಾರೆ. ಅಂಥ ಮನೆಗಳಿಗೆ ಈ ದಾರಿ ತಿಳಿದಿರಬೇಕು.

ತಿರಸ್ಕಾರ ಯಾವ ಬಗೆಯದು?

ಸೈನಿಕ ಬಿಡುಗಡೆಯಾಗುವ ಮುನ್ನ ರಿಲೀಸ್ ಮೆಡಿಕಲ್ ಬೋರ್ಡ್ ಕೂರುತ್ತದೆ. ಕಾಯಿಲೆಯ ಕಾರಣಕ್ಕೇ ಅವಧಿಗೆ ಮುಂಚೆ ಕಳುಹಿಸುವುದಾದರೆ ಅದು ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್. ಎರಡರಲ್ಲೂ ಬೋರ್ಡ್ ಮುಖ್ಯವಾಗಿ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯುತ್ತದೆ. ಒಂದು, ಕಾಯಿಲೆ ಸೇವೆಯಿಂದ ಬಂದದ್ದೇ ಅಥವಾ ಸೇವೆಯಿಂದ ಉಲ್ಬಣಿಸಿದ್ದೇ? ಎರಡು, ಅಂಗವೈಕಲ್ಯ ಶೇಕಡಾ ಎಷ್ಟು? ಪಿಂಚಣಿ ಸಿಗಬೇಕಾದರೆ ಮೊದಲ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬೇಕು, ಎರಡನೆಯದರಲ್ಲಿ ಶೇ 20 ಅಥವಾ ಅದಕ್ಕಿಂತ ಹೆಚ್ಚು ಇರಬೇಕು.

ಪತ್ರ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು, ಇವೆರಡರಲ್ಲಿ ಯಾವುದಕ್ಕೆ ‘ಇಲ್ಲ’ ಎಂದಿದ್ದಾರೆ ಎಂಬುದನ್ನು. ‘ಎನ್‌ಎಎನ್‌ಎ’ ಎಂಬ ಅಕ್ಷರಗಳಿದ್ದರೆ ಸೇವೆಯಿಂದ ಬಂದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ ಎಂದರ್ಥ. ಮನೋರೋಗದ ಪ್ರಕರಣಗಳಲ್ಲಿ ಅದರ ಜೊತೆಗೆ ಇನ್ನೆರಡು ಮಾತು ಪದೇಪದೇ ಕಾಣುತ್ತವೆ. ಇದು ‘ಕಾನ್‌ಸ್ಟಿಟ್ಯೂಶನಲ್’ ಕಾಯಿಲೆ, ಅಂದರೆ ದೇಹಪ್ರಕೃತಿಯಿಂದ, ಹುಟ್ಟಿನಿಂದ ಬಂದದ್ದು ಎಂಬುದು ಒಂದು. ಕಾಯಿಲೆ ಶುರುವಾದದ್ದು ಪೀಸ್ ಸ್ಟೇಷನ್ನಿನಲ್ಲಿ (ಕಾರ್ಯಾಚರಣೆಯಿಲ್ಲದ ನೆಲೆಯಲ್ಲಿ), ಫೀಲ್ಡ್ ಸೇವೆಯೊಂದಿಗೆ (ಗಡಿ, ಕಾರ್ಯಾಚರಣೆ ಪ್ರದೇಶದ ಸೇವೆಯೊಂದಿಗೆ) ಅದಕ್ಕೆ ಹತ್ತಿರದ ಕಾಲಸಂಬಂಧವಿಲ್ಲ ಎಂಬುದು ಇನ್ನೊಂದು. ನಿಮ್ಮ ಮೇಲ್ಮನವಿ ಉತ್ತರಿಸಬೇಕಾದದ್ದು ಪತ್ರದಲ್ಲಿ ಬರೆದ ಕಾರಣಕ್ಕೆ. ದೇಶಸೇವೆಯ ಬಗ್ಗೆ ಎಷ್ಟು ಪುಟ ಬರೆದರೂ ಆ ಕಾರಣಕ್ಕೆ ಉತ್ತರವಿಲ್ಲದಿದ್ದರೆ ಪ್ರಯೋಜನವಿಲ್ಲ.

ಶೇಕಡಾವಾರು ಕಡಿಮೆಯಾಯಿತೆಂಬುದು ತಕರಾರಾದರೆ ದಾರಿ ಬೇರೆ. ಅಲ್ಲಿ ಕೇಳಬೇಕಾದದ್ದು ಹೊಸ ಮೆಡಿಕಲ್ ಬೋರ್ಡಿನ ಮರುಪರೀಕ್ಷೆ. ಕೆಲಸ ಮಾಡುವ, ನಿದ್ರಿಸುವ, ಜನರೊಂದಿಗೆ ಬೆರೆಯುವ ಶಕ್ತಿ ಎಷ್ಟು ಕುಂದಿದೆ ಎಂದು ಈಗ ಚಿಕಿತ್ಸೆ ಕೊಡುತ್ತಿರುವ ಮನೋವೈದ್ಯರಿಂದ ಬರೆಸಿ ಲಗತ್ತಿಸಬೇಕು.

ಬೋರ್ಡ್ ‘ಹೌದು’ ಎಂದಿದ್ದರೂ ನಂತರ ಪಿಂಚಣಿ ಕಚೇರಿಯಲ್ಲಿ ಆ ಅಭಿಪ್ರಾಯವನ್ನು ಬದಲಿಸಿದ ಪ್ರಕರಣಗಳೂ ಇವೆ. ಸೈನಿಕನನ್ನು ಕಣ್ಣಾರೆ ಪರೀಕ್ಷಿಸದೆ ಬೋರ್ಡಿನ ಅಭಿಪ್ರಾಯವನ್ನು ಕಚೇರಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ.

ಬಿಡುಗಡೆಯ ತಾರೀಕು ನೋಡಿ

ನಿಮಗೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ಡಿಸ್ಚಾರ್ಜ್ ತಾರೀಕು ತೀರ್ಮಾನಿಸುತ್ತದೆ. 2007ರ ಅಂತ್ಯದೊಳಗೆ ಬಿಡುಗಡೆಯಾದವರಿಗೆ 1982ರ ಎಂಟೈಟಲ್‌ಮೆಂಟ್ ನಿಯಮಗಳು, ಅಲ್ಲಿಂದ ಮುಂದೆ 2008ರ ನಿಯಮಗಳು, 2023ರ ಸೆಪ್ಟೆಂಬರ್ 21 ಮತ್ತು ಅದರ ನಂತರ ಬಿಡುಗಡೆಯಾದವರಿಗೆ 2023ರ ಹೊಸ ನಿಯಮಗಳು. ಹೊಸ ನಿಯಮಗಳಲ್ಲಿ ಪೂರ್ಣ ಅವಧಿ ಮುಗಿಸಿ ನಿವೃತ್ತರಾದವರಿಗೆ ‘ಇಂಪೇರ್‌ಮೆಂಟ್ ರಿಲೀಫ್’ ಎಂಬ ಬೇರೆ ಹೆಸರಿನ ಪರಿಹಾರವಿದೆ.

ಈ ವ್ಯತ್ಯಾಸ ಯಾಕೆ ಮುಖ್ಯವೆಂದರೆ, 1982ರ ನಿಯಮಗಳು ಸೈನಿಕನ ಕಡೆಗೆ ಹೆಚ್ಚು ವಾಲಿದ್ದವು. ಸೇರುವಾಗ ಕಾಯಿಲೆಯ ಟಿಪ್ಪಣಿ ಇಲ್ಲದಿದ್ದರೆ ಅವನು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು, ಸಾಬೀತು ಮಾಡುವ ಹೊರೆ ಅವನ ಮೇಲಿಲ್ಲ, ಸಂದೇಹವಿದ್ದರೆ ಅದರ ಲಾಭ ಅವನಿಗೇ ಎಂಬುದು ಅಲ್ಲಿನ ತತ್ವ. 2008ರ ನಿಯಮಗಳು ಕಾಯಿಲೆ ಸೇವೆಯಲ್ಲಿದ್ದಾಗ ಕಾಣಿಸಿಕೊಂಡಿತು ಎಂಬ ಒಂದೇ ಕಾರಣ ಸಾಲದು ಎಂದವು. ಆದ್ದರಿಂದ ಪಕ್ಕದೂರಿನ ಹಿರಿಯ ಸುಬೇದಾರರಿಗೆ ಗೆಲುವು ತಂದ ಮೇಲ್ಮನವಿಯನ್ನು ಹಾಗೆಯೇ ನಕಲು ಮಾಡಿದರೆ ನಿಮ್ಮ ಪ್ರಕರಣಕ್ಕೆ ಹೊಂದದೆ ಹೋಗಬಹುದು.

ಮನೋರೋಗವನ್ನು ಒಪ್ಪುವ ಸಂದರ್ಭಗಳು

ಮೆಡಿಕಲ್ ಬೋರ್ಡಿನ ವೈದ್ಯರಿಗಾಗಿ ಒಂದು ಮಾರ್ಗದರ್ಶಿ ಪುಸ್ತಕವಿದೆ. 2002ರ ಆ ಪುಸ್ತಕದ 2008ರ ತಿದ್ದಿದ ರೂಪದಲ್ಲಿ ಮನೋರೋಗಗಳ ಬಗ್ಗೆ ಸ್ಪಷ್ಟವಾದ ಪ್ಯಾರಾ ಇದೆ. 54ನೇ ಸಂಖ್ಯೆಯ ಆ ಪ್ಯಾರಾವನ್ನು 2008ರ ನಿಯಮಗಳಡಿ ಬರುವವರು ಓದಲೇಬೇಕು. ಅದರ ಸಾರ ಹೀಗಿದೆ.

ಸೇವೆಯಿಂದಲೇ ಬಂದದ್ದೆಂದು ಒಪ್ಪಬೇಕಾದ ಸಂದರ್ಭಗಳು:

• ಯುದ್ಧಪ್ರದೇಶ ಅಥವಾ ಬಂಡುಕೋರರ ವಿರುದ್ಧದ ಕಾರ್ಯಾಚರಣೆಯ ಪ್ರದೇಶದಲ್ಲಿ ಸೇವೆ

• ಅತಿ ಎತ್ತರದ ಪ್ರದೇಶದಲ್ಲಿ ಅಥವಾ ತೀರಾ ಒಂಟಿಯಾದ ಪೋಸ್ಟಿನಲ್ಲಿ ಸೇವೆ

• ಸಮುದ್ರದ ಮೇಲಿನ ಸೇವೆ, ಡೈವಿಂಗ್ ಅಥವಾ ಸಬ್‌ಮರೀನ್ ಅವಘಡ

• ಜೀವಹಾನಿಯಾದ ವಾಹನ ಅಪಘಾತ, ವಿಮಾನ ಅಪಘಾತ

• ಭೂಕಂಪ, ಸುನಾಮಿಯಂಥ ವಿಪತ್ತಿನಲ್ಲಿ ಶವಗಳ ನಡುವೆ ಕೆಲಸ ಮಾಡಬೇಕಾಗಿ ಬಂದದ್ದು

• ಸೇವೆಯಿಂದಾದ ಗಂಭೀರ ಗಾಯದ ನಂತರ ಒಂದು ವರ್ಷದೊಳಗೆ ಕಾಣಿಸಿಕೊಂಡ ಮನೋರೋಗ

ಸೇವೆಯಿಂದ ಉಲ್ಬಣಿಸಿತೆಂದು ಒಪ್ಪುವ ಸಂದರ್ಭಗಳು ಇನ್ನೂ ಹೃದಯಕ್ಕೆ ಹತ್ತಿರದವು. ಕರ್ತವ್ಯದ ಅನಿವಾರ್ಯತೆಯಿಂದ ರಜೆ ನಿರಾಕರಿಸಿದ ಮೂರು ತಿಂಗಳೊಳಗೆ ಕಾಯಿಲೆ ಕಾಣಿಸಿಕೊಂಡಿದ್ದರೆ ಅದು ಗಣನೆಗೆ ಬರುತ್ತದೆ. ಆದರೆ ರಜೆ ಕೇಳಿದ ಕಾರಣ ಆ ಪ್ಯಾರಾದಲ್ಲಿ ಹೇಳಿದವುಗಳಲ್ಲಿ ಒಂದಾಗಿರಬೇಕು: ಒಬ್ಬನೇ ಮಗನಾಗಿದ್ದು ತಂದೆ ಅಥವಾ ತಾಯಿ ತೀರಿಕೊಂಡದ್ದು, ಹೆಂಡತಿ ಅಥವಾ ಮಕ್ಕಳ ಸಾವು, ಮನೆಯವರ ಮೇಲೆ ನಡೆದ ಘೋರ ಅಪರಾಧ, ಉಗ್ರರ ಬೆದರಿಕೆ, ಮನೆಯವರ ಜೀವಕ್ಕೆ ಅಪಾಯ ತಂದ ಪ್ರಕೃತಿ ವಿಕೋಪ, ಮಕ್ಕಳ ಮದುವೆ ಅಥವಾ ಒಬ್ಬನೇ ಅಣ್ಣನೋ ತಮ್ಮನೋ ಆಗಿದ್ದಾಗ ನಡೆದ ಸಹೋದರಿಯ ಮದುವೆ. ಕಾಯಿಲೆ ಪತ್ತೆಯಾಗಿ ಕೆಲಸದ ಮೇಲೆ ನಿರ್ಬಂಧ ಹಾಕಿದ ನಂತರವೂ ಯುದ್ಧಪ್ರದೇಶ, ಎತ್ತರದ ಪ್ರದೇಶ ಅಥವಾ ಹಡಗಿನಂಥ ಕಡೆ ದುಡಿಸಿ ಅದು ಹೆಚ್ಚಾಗಿದ್ದರೂ ಒಪ್ಪಬೇಕು.

ಈ ಪಟ್ಟಿಯನ್ನು ಮನೆಯವರೆಲ್ಲ ಕೂತು ನಿಧಾನವಾಗಿ ಓದಿ. ‘ಅಪ್ಪ ತೀರಿಕೊಂಡಾಗ ರಜೆ ಸಿಗಲಿಲ್ಲ’ ಎಂದು ಮನೆಯಲ್ಲಿ ಎಷ್ಟೋ ಸಲ ಹೇಳಿಕೊಂಡ ಮಾತು ಮೇಲ್ಮನವಿಯ ಗಟ್ಟಿ ಆಧಾರವೇ ಆಗಿರಬಹುದು.

ಒಂದು ಎಚ್ಚರಿಕೆಯೂ ಬೇಕು. ಕುಡಿತ, ತಂಬಾಕು, ಮಾದಕ ವಸ್ತುಗಳ ಅತಿ ಬಳಕೆಯಿಂದಾದ ಅಂಗವೈಕಲ್ಯಕ್ಕೆ ಪರಿಹಾರವಿಲ್ಲ. ಎಷ್ಟೋ ಪ್ರಕರಣಗಳಲ್ಲಿ ಖಿನ್ನತೆ ಮೊದಲು ಬಂದು, ಅದನ್ನು ತಡೆಯಲಾಗದೆ ಕುಡಿತ ಹಿಂದಿನಿಂದ ಬಂದಿರುತ್ತದೆ. ಹಾಗಿದ್ದರೆ ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಮನೋವೈದ್ಯರು ಬರೆದುಕೊಡಬೇಕು. ಇಲ್ಲವಾದರೆ ಇಡೀ ಕಾಯಿಲೆಯನ್ನು ಕುಡಿತದ ಲೆಕ್ಕಕ್ಕೆ ಹಾಕುವ ಸಾಧ್ಯತೆ ಇದೆ.

ಮೊದಲು ಕಾಗದ ತರಿಸಿ

ಬೋರ್ಡ್ ಏನು ಬರೆದಿದೆ ಎಂದು ನೋಡದೆ ಮೇಲ್ಮನವಿ ಬರೆಯಬೇಡಿ. ಮಾಹಿತಿ ಹಕ್ಕು ಕಾಯ್ದೆಯಡಿ ರೆಕಾರ್ಡ್ಸ್ ಆಫೀಸಿನ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕೇಂದ್ರ ಸರ್ಕಾರದ ಆನ್‌ಲೈನ್ ಆರ್‌ಟಿಐ ಪೋರ್ಟಲ್‌ನಲ್ಲೂ ಹಾಕಬಹುದು. 30 ದಿನಗಳಲ್ಲಿ ಉತ್ತರ ಕೊಡಬೇಕು. ಮರಾಠಾ ಲೈಟ್ ಇನ್‌ಫ್ಯಾಂಟ್ರಿಯವರಿಗೆ ರೆಕಾರ್ಡ್ಸ್ ಬೆಳಗಾವಿಯಲ್ಲೇ ಇದೆ, ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರಿನಲ್ಲಿದೆ. ಉಳಿದವರ ರೆಕಾರ್ಡ್ಸ್ ವಿಳಾಸ ಡಿಸ್ಚಾರ್ಜ್ ಬುಕ್ಕಿನಲ್ಲೇ ಇರುತ್ತದೆ. ಕೇಳಬೇಕಾದವು ಇವು:

• ಮೆಡಿಕಲ್ ಬೋರ್ಡಿನ ಪೂರ್ಣ ನಡಾವಳಿ, ಅಂದರೆ ಎಎಫ್‌ಎಂಎಸ್‌ಎಫ್-16

• ಮನೋರೋಗದ ಪ್ರಕರಣದಲ್ಲಿ ಕಮಾಂಡಿಂಗ್ ಆಫೀಸರ್ ಬರೆಯುವ ವರದಿ, ಎಎಫ್‌ಎಂಎಸ್‌ಎಫ್-10

• ಸೇರುವಾಗಿನ ವೈದ್ಯಕೀಯ ಪರೀಕ್ಷೆಯ ದಾಖಲೆ

• ಮಿಲಿಟರಿ ಆಸ್ಪತ್ರೆಯ ದಾಖಲಾತಿ ಮತ್ತು ಬಿಡುಗಡೆ ಪತ್ರಗಳು, ಮನೋವೈದ್ಯರ ಅಭಿಪ್ರಾಯಗಳು

• ಮೆಡಿಕಲ್ ಕೆಟಗರಿ (ಆರೋಗ್ಯದ ದರ್ಜೆ) ಬದಲಾದ ಆದೇಶಗಳು

• ಪೋಸ್ಟಿಂಗ್ ವಿವರ, ಫೀಲ್ಡ್ ಮತ್ತು ಪೀಸ್ ಎಂದು ಗುರುತಿಸಿದ್ದು

• ರಜೆಯ ದಾಖಲೆ

ಹಳೆಯ ಕಡತಗಳನ್ನು ಅವಧಿ ಮುಗಿದ ಮೇಲೆ ನಾಶ ಮಾಡುವ ಪದ್ಧತಿ ಇರುವುದರಿಂದ ಈ ಕೆಲಸವನ್ನು ಮುಂದೂಡಬಾರದು. ಕಾಯಿಲೆಯಿಂದ ಸ್ವತಃ ಓಡಾಡಲಾಗದವರ ಅರ್ಜಿಯನ್ನು ಮನೆಯವರು ಬರೆದು, ಅವರ ಸಹಿ ಹಾಕಿಸಿ, ಅಧಿಕಾರ ಪತ್ರದೊಂದಿಗೆ ಕಳುಹಿಸಬಹುದು. ಊರಿನ ಆಸ್ಪತ್ರೆಯಲ್ಲೋ ನಿಮ್ಹಾನ್ಸ್‌ನಲ್ಲೋ ಚಿಕಿತ್ಸೆ ಪಡೆದಿದ್ದರೆ ಆ ದಾಖಲೆ ಕೇಳಿ ಪಡೆಯುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಕೊಟ್ಟಿದೆ.

ಕಾಯಿಲೆಗೆ ತಾರೀಕು ಕೊಡಿ, ಜಾಗ ಕೊಡಿ

ಕಾಗದಗಳು ಬಂದ ಮೇಲೆ ಒಂದು ಹಾಳೆಯಲ್ಲಿ ಎರಡು ಪಟ್ಟಿ ಪಕ್ಕಪಕ್ಕ ಬರೆಯಿರಿ. ಎಡಕ್ಕೆ ಪೋಸ್ಟಿಂಗ್‌ಗಳು: ಎಲ್ಲಿ, ಯಾವತ್ತಿನಿಂದ ಯಾವತ್ತಿನವರೆಗೆ, ಫೀಲ್ಡೋ ಪೀಸೋ. ಬಲಕ್ಕೆ ಕಾಯಿಲೆ: ನಿದ್ರೆ ಕೆಟ್ಟದ್ದು ಯಾವಾಗ, ಮೊದಲ ಸಲ ವೈದ್ಯರ ಬಳಿ ಹೋದದ್ದು ಯಾವಾಗ, ಆಸ್ಪತ್ರೆಗೆ ಸೇರಿದ್ದು, ಕೆಟಗರಿ ಇಳಿದದ್ದು.

ಹೀಗೆ ಬರೆದಾಗ ಬೋರ್ಡಿನ ತರ್ಕದಲ್ಲಿನ ಬಿರುಕು ಎಷ್ಟೋ ಸಲ ಕಣ್ಣಿಗೆ ಬೀಳುತ್ತದೆ. ಬೋರ್ಡ್ ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಾಯಿಲೆ ದಾಖಲಾದ ದಿನವನ್ನು. ಮನಸ್ಸಿನ ಕಾಯಿಲೆ ದಾಖಲಾಗುವ ದಿನ ಹುಟ್ಟುವುದಿಲ್ಲ. ಕಾಶ್ಮೀರ ಕಣಿವೆಯಲ್ಲಿದ್ದ ಎರಡು ವರ್ಷ ಸಹಿಸಿಕೊಂಡು, ಪೀಸ್ ಸ್ಟೇಷನ್ನಿಗೆ ಬಂದು ಉಸಿರು ಬಿಟ್ಟ ಮೇಲೆ ಕುಸಿಯುವವರಿದ್ದಾರೆ. ತುಕಡಿಯ ನಡುವೆ ಇರುವಾಗ ‘ನನಗೆ ಮನಸ್ಸು ಸರಿಯಿಲ್ಲ’ ಎಂದು ಯಾವ ಜವಾನ ತಾನೇ ಹೋಗಿ ಹೇಳಿಯಾನು? ಅದನ್ನು ವಾದವಾಗಿ ಬರೆಯುವ ಬಗೆಗೆ ಒಂದು ಕಾಲ್ಪನಿಕ ಮಾದರಿ:

‘ನಾನು ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಬಂಡುಕೋರರ ವಿರುದ್ಧದ ಕಾರ್ಯಾಚರಣೆಯ ಪ್ರದೇಶದಲ್ಲಿದ್ದೆ. ಆ ಅವಧಿಯಲ್ಲಿ ನನ್ನ ಜೊತೆಗಾರರೊಬ್ಬರು ನನ್ನೆದುರೇ ಮೃತಪಟ್ಟರು. ಅಂದಿನಿಂದ ನಿದ್ರೆ ಬರುತ್ತಿರಲಿಲ್ಲ. ಅಲ್ಲಿಂದ ಬಂದ ಏಳು ತಿಂಗಳಿಗೆ ಆಸ್ಪತ್ರೆಗೆ ಸೇರಿದೆ. ಆಸ್ಪತ್ರೆಯ ಮೊದಲ ಟಿಪ್ಪಣಿಯಲ್ಲೇ ರೋಗಲಕ್ಷಣಗಳು ಒಂದು ವರ್ಷದಿಂದ ಇವೆ ಎಂದು ಬರೆದಿದೆ, ಪುಟ 4 ನೋಡಿ. ಕಾಯಿಲೆ ಪೀಸ್ ಸ್ಟೇಷನ್ನಿನಲ್ಲಿ ಶುರುವಾಯಿತೆಂಬ ಬೋರ್ಡಿನ ಮಾತು ಈ ದಾಖಲೆಗೆ ವಿರುದ್ಧವಾಗಿದೆ.’

ನೀವು ಬರೆಯುವಾಗ ಪ್ರತಿ ವಾಕ್ಯಕ್ಕೂ ಒಂದು ತಾರೀಕೋ ಒಂದು ಪುಟವೋ ಆಧಾರವಾಗಿರಲಿ. ದಾಖಲೆಯಲ್ಲಿ ಇಲ್ಲದ್ದನ್ನು ಸೇರಿಸಬೇಡಿ. ಒಂದು ಉತ್ಪ್ರೇಕ್ಷೆ ಸಿಕ್ಕಿಬಿದ್ದರೂ ಉಳಿದ ಸತ್ಯಗಳ ಮೇಲಿನ ನಂಬಿಕೆ ಹೋಗುತ್ತದೆ.

ಮನೆಯವರ ಮಾತಿಗೂ ತೂಕವಿದೆ

ಹೆಂಡತಿ, ತಾಯಿ, ಅಣ್ಣತಮ್ಮಂದಿರು ಕಂಡದ್ದನ್ನು ಅಫಿಡವಿಟ್ ಮಾಡಿ ಲಗತ್ತಿಸಿ. ‘ಅವರು ಮೊದಲಿನ ಹಾಗಿಲ್ಲ’ ಎಂದರೆ ಸಾಲದು. ಸೈನ್ಯಕ್ಕೆ ಸೇರುವ ಮುಂಚೆ ಹೇಗಿದ್ದರು, ಯಾವ ವರ್ಷದ ಯಾವ ರಜೆಯಲ್ಲಿ ಬಂದಾಗ ಬದಲಾವಣೆ ಕಂಡಿತು, ರಾತ್ರಿ ಎದ್ದು ಬಾಗಿಲು ಚಿಲಕ ಎಷ್ಟು ಸಲ ನೋಡುತ್ತಿದ್ದರು, ಜಾತ್ರೆಯ ಪಟಾಕಿ ಸದ್ದಿಗೆ ಏನಾಗುತ್ತಿತ್ತು, ಯಾವ ಕೆಲಸಕ್ಕೆ ಸೇರಿ ಎಷ್ಟು ದಿನದಲ್ಲಿ ಬಿಟ್ಟರು ಎಂಬುದನ್ನೆಲ್ಲ ಬರೆಯಿರಿ. ಜೊತೆಯಲ್ಲಿ ಸೇವೆ ಮಾಡಿದವರು ಯಾರಾದರೂ ಘಟನೆಯನ್ನು ಕಂಡಿದ್ದರೆ ಅವರ ಹೇಳಿಕೆಯೂ ಬೇಕು. ಮನೆತನದಲ್ಲಿ ಬೇರೆ ಯಾರಿಗೂ ಈ ಕಾಯಿಲೆ ಇರಲಿಲ್ಲ ಎಂಬುದು ನಿಜವಾಗಿದ್ದರೆ ಅದನ್ನೂ ತಪ್ಪದೆ ಹೇಳಿ, ‘ಹುಟ್ಟಿನಿಂದ ಬಂದದ್ದು’ ಎಂಬ ಮಾತಿಗೆ ಅದು ನೇರ ಉತ್ತರ.

ಮೇಲ್ಮನವಿಯ ಮೆಟ್ಟಿಲುಗಳು

ಮೊದಲ ಮೇಲ್ಮನವಿ ಮೊದಲ ಮೇಲ್ಮನವಿಗಳ ಸಮಿತಿಗೆ ಹೋಗುತ್ತದೆ. ಅಲ್ಲೂ ತಿರಸ್ಕೃತವಾದರೆ ಪಿಂಚಣಿಯ ಎರಡನೇ ಮೇಲ್ಮನವಿ ಸಮಿತಿ. ಪ್ರತಿ ಹಂತಕ್ಕೂ ಸಾಮಾನ್ಯವಾಗಿ ಆರು ತಿಂಗಳ ಕಾಲಾವಕಾಶ. ಎಲ್ಲಿಗೆ ಕಳುಹಿಸಬೇಕು, ಎಷ್ಟು ದಿನದೊಳಗೆ ಎಂಬುದು ತಿರಸ್ಕಾರ ಪತ್ರದ ಕೊನೆಯಲ್ಲೇ ಇರುತ್ತದೆ. ಆ ಗಡುವನ್ನೇ ಹಿಡಿಯಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀದಿ ಜೋಪಾನವಾಗಿಡಿ. ಗಡುವು ದಾಟಿದ್ದರೆ ತಡವಾದ ಕಾರಣವನ್ನು ಬೇರೆಯಾಗಿ ಬರೆದು ಮನ್ನಿಸುವಂತೆ ಕೇಳಿ. ಆ ದಿನಗಳಲ್ಲಿ ಆಸ್ಪತ್ರೆಯಲ್ಲಿದ್ದರೆ ಆ ದಾಖಲೆಯೇ ಕಾರಣಕ್ಕೆ ಸಾಕ್ಷಿ.

ಇದಾದ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಡಿ ರಚನೆಯಾಗಿ 2009ರಿಂದ ಕೆಲಸ ಮಾಡುತ್ತಿರುವ ಇದು ಸೇವೆ ಮತ್ತು ಪಿಂಚಣಿಯ ತಕರಾರುಗಳನ್ನು ಕೇಳುವ ವೇದಿಕೆ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಇಲ್ಲಿ ಅರ್ಜಿ ಹಾಕಬೇಕು. ಮೇಲ್ಮನವಿ ಸಲ್ಲಿಸಿ ಆರು ತಿಂಗಳಾದರೂ ಉತ್ತರವೇ ಬಾರದಿದ್ದರೆ ಕಾಯುತ್ತ ಕೂರಬೇಕಿಲ್ಲ, ಅದರ ನಂತರದ ಆರು ತಿಂಗಳೊಳಗೆ ನೇರವಾಗಿ ಹೋಗಬಹುದು. ನಿವೃತ್ತರು ತಾವು ವಾಸಿಸುವ ಊರಿನ ವ್ಯಾಪ್ತಿಯ ಪೀಠದಲ್ಲೇ ಅರ್ಜಿ ಹಾಕಬಹುದು. ವಕೀಲರನ್ನು ಇಡಬಹುದು, ಸ್ವತಃ ವಾದಿಸುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ನ್ಯಾಯಮಂಡಳಿಯ ಆದೇಶದ ವಿರುದ್ಧ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ದಾರಿ ತೆರೆದಿದೆ ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದೆ.

ಬಿಡುಗಡೆಯಾಗಿ ಬಹಳ ವರ್ಷಗಳಾಗಿದ್ದರೂ ಪೂರ್ತಿ ನಿರಾಶೆ ಬೇಡ. ಪಿಂಚಣಿ ತಿಂಗಳು ತಿಂಗಳೂ ಬರಬೇಕಾದದ್ದು, ಆದ್ದರಿಂದ ಅದು ಬಾರದಿರುವುದು ಮುಂದುವರಿಯುತ್ತಿರುವ ಅನ್ಯಾಯವೆಂದು ನ್ಯಾಯಾಲಯಗಳು ನೋಡುತ್ತವೆ. ಆದರೆ 2008ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಬಾಕಿ ಹಣ ಸಾಮಾನ್ಯವಾಗಿ ಅರ್ಜಿ ಹಾಕುವ ಹಿಂದಿನ ಮೂರು ವರ್ಷಗಳದ್ದಷ್ಟೇ. ತಡ ಮಾಡಿದಷ್ಟೂ ಹಣ ಕಳೆಯುತ್ತದೆ.

ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಅರ್ಜಿ ಬರೆಯಲು, ವಿಳಾಸ ತಿಳಿಯಲು ನೆರವು ಕೇಳಿ. ಸೈನಿಕ ಕುಟುಂಬಗಳಿಗಾಗಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2025ರ ಜುಲೈನಲ್ಲಿ ವೀರ್ ಪರಿವಾರ್ ಸಹಾಯತಾ ಯೋಜನೆ ಆರಂಭಿಸಿದೆ. ಅದರಡಿಯ ಕಾನೂನು ನೆರವಿನ ಬಗ್ಗೆಯೂ ಅಲ್ಲೇ ವಿಚಾರಿಸಿ.

ನ್ಯಾಯಾಲಯಗಳು ಏನೆನ್ನುತ್ತವೆ?

2013ರ ಧರ್ಮವೀರ್ ಸಿಂಗ್ ತೀರ್ಪು ಈ ವಿಷಯದಲ್ಲಿ ದಾರಿದೀಪ. ಸೇರುವಾಗ ಕಾಯಿಲೆಯ ಟಿಪ್ಪಣಿ ಇಲ್ಲದಿದ್ದರೆ ಸೈನಿಕ ಆರೋಗ್ಯವಂತನಾಗಿದ್ದನೆಂದು ಭಾವಿಸಬೇಕು, ಸೇವೆಗೆ ಸಂಬಂಧವಿಲ್ಲ ಎನ್ನುವುದಾದರೆ ಬೋರ್ಡ್ ಕಾರಣ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. 2025ರ ಮೇ ತಿಂಗಳಲ್ಲಿ ಸ್ಕಿಜೋಫ್ರೇನಿಯಾದ ಕಾರಣಕ್ಕೆ ಬಿಡುಗಡೆಯಾದ ಸೈನಿಕರೊಬ್ಬರ ಪ್ರಕರಣದಲ್ಲೂ, ಕಾರಣವಿಲ್ಲದ ವೈದ್ಯಕೀಯ ಅಭಿಪ್ರಾಯವನ್ನು ಹಿಡಿದು ಪಿಂಚಣಿ ನಿರಾಕರಿಸುವಂತಿಲ್ಲ ಎಂದಿತು.

ಇನ್ನೊಂದು ಮಗ್ಗುಲೂ ಇದೆ. 2019ರಲ್ಲಿ ಸ್ಕಿಜೋಫ್ರೇನಿಯಾದ ಇನ್ನೊಂದು ಪ್ರಕರಣದಲ್ಲಿ, ಭರ್ತಿಯ ಸಮಯದ ಮಾಮೂಲಿ ಪರೀಕ್ಷೆಯಲ್ಲಿ ಮನೋರೋಗ ಪತ್ತೆಯಾಗುವುದು ಕಷ್ಟ ಎಂದ ಅದೇ ಕೋರ್ಟ್ ಬೋರ್ಡಿನ ಅಭಿಪ್ರಾಯವನ್ನೇ ಎತ್ತಿಹಿಡಿಯಿತು. ಹಾಗಾಗಿ ‘ಸೇರುವಾಗ ಚೆನ್ನಾಗಿದ್ದೆ’ ಎಂಬ ಒಂದೇ ವಾದದ ಮೇಲೆ ನಿಲ್ಲಬೇಡಿ. ಅದರ ಜೊತೆಗೆ ಸೇವೆಯ ಯಾವ ಸಂದರ್ಭ ಕಾಯಿಲೆ ತಂದಿತು ಎಂಬುದನ್ನೂ ತೋರಿಸಿ, ಬೋರ್ಡ್ ಕಾರಣ ಕೊಟ್ಟಿಲ್ಲದಿದ್ದರೆ ಆ ಕೊರತೆಯತ್ತ ಬೆರಳು ತೋರಿಸಿ.

ಎಷ್ಟು ಹಣ?

2023ರ ಹೊಸ ನಿಯಮಗಳಿಗೆ ಮುಂಚೆ ಬಿಡುಗಡೆಯಾದವರ ಲೆಕ್ಕ ಹೀಗೆ. ಶೇ 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ 30ರಷ್ಟು ಅಂಗವೈಕಲ್ಯದ ಅಂಶ, ಅದಕ್ಕಿಂತ ಕಡಿಮೆಯಾದರೆ ಅದೇ ಅನುಪಾತದಲ್ಲಿ. ಇದರಲ್ಲಿ ಬ್ರಾಡ್ ಬ್ಯಾಂಡಿಂಗ್ ಎಂಬ ಅನುಕೂಲವಿದೆ: ಶೇ 50ಕ್ಕಿಂತ ಕಡಿಮೆ ಇದ್ದರೆ 50, 50ರಿಂದ 75ರೊಳಗಿದ್ದರೆ 75, ಅದಕ್ಕೂ ಮೇಲಿದ್ದರೆ 100 ಎಂದು ಎಣಿಸುತ್ತಾರೆ. ಕೊನೆಯ ವೇತನ 40,000 ರೂಪಾಯಿ, ಅಂಗವೈಕಲ್ಯ ಶೇ 40 ಎಂದಿಟ್ಟುಕೊಳ್ಳಿ. ಪೂರ್ಣಕ್ಕೆ 12,000, ಶೇ 40 ಅನ್ನು 50 ಎಂದು ಎಣಿಸಿದಾಗ ತಿಂಗಳಿಗೆ 6,000, ಅದರ ಮೇಲೆ ತುಟ್ಟಿಪರಿಹಾರ. ಅವಧಿ ಮುಗಿಸಿ ನಿವೃತ್ತರಾದವರಿಗೂ ಈ ಅನುಕೂಲ ಸಲ್ಲುತ್ತದೆ ಎಂದು 2014ರ ಡಿಸೆಂಬರ್‌ನ ರಾಮ್ ಅವತಾರ್ ತೀರ್ಪು ಹೇಳಿದೆ. ಈಗಾಗಲೇ ಪಿಂಚಣಿ ಬರುತ್ತಿರುವವರು ತಮ್ಮ ಪಿಪಿಒ (ಪಿಂಚಣಿ ಪಾವತಿ ಆದೇಶ) ಅಥವಾ ಸ್ಪರ್ಶ್ ಎಂಬ ಆನ್‌ಲೈನ್ ಪಿಂಚಣಿ ಖಾತೆಯಲ್ಲಿ ಇದು ಸೇರಿದೆಯೇ ಎಂದು ನೋಡಿಕೊಳ್ಳಬೇಕು.

ಅವಧಿ ಮುಗಿಸಿ ನಿವೃತ್ತರಾದವರಿಗೆ ಶೇ 20ಕ್ಕಿಂತ ಕಡಿಮೆ ಎಂದು ಬರೆದಿದ್ದರೆ ಬ್ರಾಡ್ ಬ್ಯಾಂಡಿಂಗ್ ನೆರವಿಗೆ ಬರುವುದಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಯಿಲೆಯ ಕಾರಣಕ್ಕೇ ಅವಧಿಗೆ ಮುಂಚೆ ಹೊರಹಾಕಿದ್ದರೆ ಮಾತು ಬೇರೆ. ಅಂಥವರ ಅಂಗವೈಕಲ್ಯ ಶೇ 20ಕ್ಕಿಂತ ಹೆಚ್ಚೆಂದೇ ಭಾವಿಸಬೇಕು ಎಂಬುದು 2014ರ ಇನ್ನೊಂದು ತೀರ್ಪು.

ಚಿಕಿತ್ಸೆ ನಿಲ್ಲಬಾರದು

ಮೇಲ್ಮನವಿ ವರ್ಷಗಟ್ಟಲೆ ಎಳೆಯಬಹುದು. ಹಳೆಯ ಘಟನೆಗಳನ್ನು ಮತ್ತೆ ಬರೆಯುವುದು, ಬೋರ್ಡಿನ ಮುಂದೆ ಮತ್ತೆ ಹೇಳುವುದು ಕಾಯಿಲೆಯವರಿಗೆ ಬಹಳ ಕಷ್ಟದ ಕೆಲಸ. ಒಂದೇ ದಿನ ಎಲ್ಲ ಬರೆಸಲು ಹೋಗಬೇಡಿ. ಕಾಗದಪತ್ರದ ಓಡಾಟವನ್ನು ಮನೆಯ ಒಬ್ಬರು ವಹಿಸಿಕೊಳ್ಳಲಿ. ಕೇಸು ಗಟ್ಟಿಯಾಗಲಿ ಎಂದು ಔಷಧ ಬಿಡುವುದು ಅಪಾಯಕಾರಿ, ಅದರಿಂದ ಕೇಸಿಗೂ ಲಾಭವಿಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಇದ್ದರೆ ಮನೋವೈದ್ಯರ ಚಿಕಿತ್ಸೆಗೂ ಬಳಸಿಕೊಳ್ಳಿ. ಪ್ರತಿ ಭೇಟಿಯ ಚೀಟಿಯೂ ದಾಖಲೆಯೇ.

ಸಾಯುವ ಮಾತು ಬಾಯಿಗೆ ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಬ್ಬರನ್ನೇ ಬಿಡಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈ ಪಿಂಚಣಿ ದಯೆಯಿಂದ ಕೊಡುವ ಹಣವಲ್ಲ. ದುಡಿದ ದೇಹಕ್ಕೆ ಆದ ನಷ್ಟವನ್ನು ಸರ್ಕಾರ ಹೇಗೆ ತುಂಬಿಕೊಡುತ್ತದೋ, ದುಡಿದ ಮನಸ್ಸಿಗೆ ಆದ ನಷ್ಟವನ್ನೂ ಹಾಗೆಯೇ ತುಂಬಿಕೊಡಬೇಕೆಂದು ನಿಯಮಗಳೇ ಹೇಳುತ್ತವೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಥ ತಿರಸ್ಕಾರ ಪತ್ರ ಬಂದವರಿದ್ದರೆ ಅದರ ಮೇಲಿನ ತಾರೀಕು ನೋಡಿ ಗಡುವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮೆಡಿಕಲ್ ಬೋರ್ಡಿನ ನಡಾವಳಿಗಾಗಿ ಮಾಹಿತಿ ಹಕ್ಕಿನ ಅರ್ಜಿಯನ್ನು ಈ ವಾರವೇ ಅಂಚೆಗೆ ಹಾಕಿ.